ಈ ಕಥೆ ಎಲ್ಲೋ ಕೇಳಿದ್ದೀನಲ್ಲ! ಕಥೆಯ ಅಚ್ಚುಗಳನ್ನು ಗುರುತಿಸಿ ಹೆಸರಿಡುವುದು ಹೇಗೆ

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ಮೈಸೂರಿಗೆ, ನಮ್ಮ ಮನೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಫೋನಿನಲ್ಲಿ ಗೇಮ್ ಆಡುತ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಆಟ ನಿಲ್ಲಿಸಿದಳು. "ಚಿಕ್ಕಮ್ಮ, ಈ ಬಾಗಿಲ ಹಿಂದೆ ದೊಡ್ಡ ರಾಕ್ಷಸ ಇದ್ದಾನೆ" ಅಂದಳು. ಬಾಗಿಲು ಇನ್ನೂ ತೆಗೆದಿರಲಿಲ್ಲ. ನಿಂಗೆ ಹೇಗೆ ಗೊತ್ತು ಅಂದೆ. "ಈ ರೂಮ್ ತುಂಬಾ ಔಷಧಿ, ಬಾಣ ಇಟ್ಟಿದ್ದಾರೆ ನೋಡಿ. ಸುಮ್ನೆ ಯಾರು ಇಷ್ಟೊಂದು ಕೊಡ್ತಾರೆ?" ಬಾಗಿಲು ತೆಗೆದಳು. ರಾಕ್ಷಸ ಇದ್ದ.

ನಮ್ಮಮ್ಮ ಅಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಪಾಂಡವಪುರದ ಕಡೆಯವರು. ಫೋನಿನ ಆಟ ಏನೇನೂ ಗೊತ್ತಿಲ್ಲ. ಮೊಮ್ಮಗಳ ಮಾತು ಕೇಳಿ, "ಹರಕೆ ಕುರಿಗೂ ಹಿಂದಿನ ದಿನ ಚೆನ್ನಾಗೇ ಸೊಪ್ಪು ಹಾಕ್ತಾರೆ ಕಣವ್ವ" ಅಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಟದಲ್ಲಿ ಪದೇ ಪದೇ ಬರುವ ಒಂದು ಸಂಗತಿಗೆ ಅಲ್ಲೇ ಹೆಸರು ಸಿಕ್ಕಿತ್ತು. ‘ಹರಕೆ ಕುರಿಯ ಊಟ.’

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಸಿನಿಮಾ, ಧಾರಾವಾಹಿ, ಕಾದಂಬರಿ, ಗೇಮ್, ಅಮ್ಮ ಹೇಳುವ ಕಥೆ, ಎಲ್ಲದರಲ್ಲೂ ಮರಳಿ ಮರಳಿ ಬರುವುದನ್ನು ಹುಡುಕಿ, ಹೆಸರಿಟ್ಟು ಬರೆಯುತ್ತೇವೆ. ಮಾಡುತ್ತಾ ಮಾಡುತ್ತಾ ಒಂದು ದಾರಿ ಸಿಕ್ಕಿದೆ. ಅದನ್ನೇ ಇಲ್ಲಿ ಹೇಳುತ್ತೇನೆ. ಕಥೆ ಬರೆಯುವವರಿಗೆ, ಗೇಮ್ ಮಾಡುವ ಆಸೆ ಇರುವ ಹುಡುಗರಿಗೆ, ಮಕ್ಕಳ ಜೊತೆ ಕೂತು ಸಿನಿಮಾ ನೋಡುವವರಿಗೆ ಉಪಯೋಗ ಆಗಬಹುದು.

ಯಾವುದಕ್ಕೆ ಅಚ್ಚು ಅನ್ನುತ್ತೇನೆ

ಕಥೆಗಳಲ್ಲಿ ಹೀಗೆ ಮರಳಿ ಮರಳಿ ಬರುವ ಸಂಗತಿಗೆ ಇಂಗ್ಲಿಷಿನಲ್ಲಿ ಟ್ರೋಪ್ ಅನ್ನುತ್ತಾರೆ. ನಮ್ಮ ಜಾನಪದ ವಿದ್ವಾಂಸರು ಇದಕ್ಕೆ ಹತ್ತಿರದ ಮೋಟಿಫ್‌ಗೆ ‘ಆಶಯ’ ಅಂತ ಹೆಸರಿಟ್ಟಿದ್ದಾರೆ. ನಾವು ಮನೆಯಲ್ಲಿ ‘ಅಚ್ಚು’ ಅನ್ನುತ್ತೇವೆ. ಮಂಡ್ಯ ಕಡೆ ಆಲೆಮನೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬು ಒಂದೊಂದು ದಿನ ಒಂದೊಂದು ಗದ್ದೆಯದು. ಪಾಕದ ಹದವೂ ಬೇರೆ ಬೇರೆ. ಸುರಿಯುವ ಅಚ್ಚು ಮಾತ್ರ ಅದೇ. ಬೆಲ್ಲ ನೋಡಿದ ಕೂಡಲೇ ಆಕಾರದಿಂದ ಗುರುತು ಸಿಗುತ್ತದೆ, ರುಚಿ ತಿಂದ ಮೇಲೇ ಗೊತ್ತಾಗುವುದು.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಅಚ್ಚು ಕಂಡ ಕೂಡಲೇ "ಅಯ್ಯೋ, ಹಳೇ ಫಾರ್ಮುಲಾ" ಅಂತ ಮೂಗು ಮುರಿಯುವವರು ಜಾಸ್ತಿ. ಅಚ್ಚು ಹಳೆಯದು ಅಂತ ಯಾರೂ ಬೆಲ್ಲ ಬೇಡ ಅನ್ನುವುದಿಲ್ಲ. ಪಾಕ ಸೀದಿದ್ದರೆ ಮಾತ್ರ ಬೇಡ ಅನ್ನುತ್ತಾರೆ.

‘ನಂಗೊತ್ತಿತ್ತು’ ಅಂದ ಗಳಿಗೆಯನ್ನು ಹಿಡಿಯಿರಿ

ಮೊದಲ ಹೆಜ್ಜೆಗೆ ಓದು ಬರಹ ಏನೂ ಬೇಡ. ನೋಡುತ್ತಾ ಇರುವಾಗ ನಿಮ್ಮ ಬಾಯಿಂದ "ಇವನು ಈಗ ಸಾಯ್ತಾನೆ", "ಇವಳೇ ಆ ಕಳೆದುಹೋದ ಮಗಳು" ಅಂತ ಮಾತು ಬರುತ್ತದಲ್ಲ, ಅಲ್ಲೇ ನಿಲ್ಲಿಸಿ. ಎರಡು ವಿಷಯ ಬರೆದುಕೊಳ್ಳಿ. ಏನಾಗುತ್ತದೆ ಅಂತ ನಿಮಗೆ ಅನಿಸಿತು? ಯಾವುದನ್ನು ನೋಡಿ ಹಾಗೆ ಅನಿಸಿತು?

ಎರಡನೆಯದೇ ಮುಖ್ಯ. ಯುದ್ಧದ ಕಥೆಯಲ್ಲಿ ಸಿಪಾಯಿಯೊಬ್ಬ ಜೇಬಿನಿಂದ ಮಗುವಿನ ಫೋಟೋ ತೆಗೆದು ಗೆಳೆಯನಿಗೆ ತೋರಿಸುತ್ತಾನೆ, ಮುಂದಿನ ವಾರ ರಜೆ ಸಿಕ್ಕಿದೆ ಅನ್ನುತ್ತಾನೆ. ಅವನು ಊರು ಸೇರುವುದಿಲ್ಲ ಅಂತ ನಮಗೆ ಗೊತ್ತಾಗಿಬಿಡುತ್ತದೆ. ಹೇಗೆ? ಕಥೆ ಅಲ್ಲಿಯವರೆಗೆ ಅವನ ಮನೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ಯಾಕೆ ಆಡಿತು? ಆ ಸುಳಿವನ್ನು ಬರೆದುಕೊಳ್ಳಿ. ನಮ್ಮ ನೋಟ್‌ಬುಕ್ಕಿನಲ್ಲಿ ಅವನ ಹೆಸರು ‘ರಜೆ ಸಿಕ್ಕ ಸಿಪಾಯಿ’.

ನಿಮ್ಮ ಊಹೆ ತಪ್ಪಾದರೂ ಬರೆಯಿರಿ. ಅಚ್ಚು ಇದೆ ಅಂತ ನಂಬಿಸಿ ಕಥೆಗಾರರು ಬೇರೆ ದಾರಿ ಹಿಡಿದಿದ್ದರೆ, ಅದೂ ಮುಂದೆ ಬೇಕಾಗುತ್ತದೆ.

ಹೆಸರು, ಊರು, ಬಟ್ಟೆ ತೆಗೆದು ನೋಡಿ

ಈಗ ಆ ಸಂಗತಿಯನ್ನು ಮೂರು ನಾಲ್ಕು ಸಣ್ಣ ಸಾಲುಗಳಲ್ಲಿ ಬರೆಯಿರಿ. ಯಾರ ಹೆಸರೂ ಬರಬಾರದು. ಕಾಲ, ಊರು, ಆಯುಧ ಏನೂ ಬರಬಾರದು.

ನಮ್ಮಮ್ಮನ ಊರಿನ ಪಕ್ಕದ ಕುಂತಿಬೆಟ್ಟವನ್ನೇ ತೆಗೆದುಕೊಳ್ಳೋಣ. ಪಾಂಡವರು ಕುಂತಿಯ ಜೊತೆ ಅಲ್ಲಿದ್ದರು, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅನ್ನುವುದು ಆ ಕಡೆಯ ಜನರ ನಂಬಿಕೆ. ಬಕಾಸುರನ ಕಥೆಯ ಬಟ್ಟೆ ತೆಗೆದರೆ ಇಷ್ಟು ಉಳಿಯುತ್ತದೆ. ಒಂದು ಊರಿಗೆ ಬಲಶಾಲಿಯೊಬ್ಬನ ಕಾಟ. ಸರದಿ ಪ್ರಕಾರ ಒಂದೊಂದು ಮನೆಯಿಂದ ಅವನಿಗೆ ಅನ್ನ ಹೋಗಬೇಕು, ಜೊತೆಗೆ ಒಂದು ಜೀವ ಹೋಗಬೇಕು. ಊರು ಅದಕ್ಕೆ ಒಪ್ಪಿಕೊಂಡುಬಿಟ್ಟಿದೆ. ಆಶ್ರಯ ಕೊಟ್ಟ ಮನೆಯ ಸರದಿ ಬಂದ ದಿನ, ಹೊರಗಿನಿಂದ ಬಂದವನು ‘ನಾನು ಹೋಗುತ್ತೇನೆ’ ಅನ್ನುತ್ತಾನೆ.

ಈಗ ಒಂದೊಂದೇ ಸಾಲು ಅಳಿಸುತ್ತಾ ಹೋಗಿ. ಗಾಡಿ ತುಂಬಾ ಅನ್ನ ಇಲ್ಲದಿದ್ದರೆ? ಕಥೆಗೆ ಏನೂ ಆಗುವುದಿಲ್ಲ, ಮಕ್ಕಳಿಗೆ ನಗು ಕಡಿಮೆ ಆಗುತ್ತದೆ ಅಷ್ಟೆ. ಆಶ್ರಯ ಕೊಟ್ಟ ಮನೆ ಇಲ್ಲದಿದ್ದರೆ? ಸ್ವಲ್ಪ ಸಪ್ಪೆ ಆಗುತ್ತದೆ, ಆದರೂ ನಿಲ್ಲುತ್ತದೆ. ‘ಊರು ಒಪ್ಪಿಕೊಂಡುಬಿಟ್ಟಿದೆ’ ಅನ್ನುವ ಸಾಲು ತೆಗೆದರೆ? ಕುಸಿದುಹೋಗುತ್ತದೆ. ಆಗ ಅದು ಬರೀ ಹೊಡೆದಾಟ. ಹೆದರಿ ಹೆದರಿ ಲೆಕ್ಕ ಹಾಕಿಕೊಂಡು ಬದುಕುವ ಊರು ಇರುವುದರಿಂದಲೇ ಭೀಮ ಗಾಡಿ ಹತ್ತಿದಾಗ ನಮ್ಮ ಎದೆ ಉಬ್ಬುವುದು. ಯಾವ ಸಾಲು ತೆಗೆದರೆ ಕಥೆ ಬೀಳುತ್ತದೋ ಅದೇ ಅಚ್ಚಿನ ಗಟ್ಟಿ ಭಾಗ.

ಬೇರೆ ಬೇರೆ ಮೂರು ಕಡೆ ಸಿಗುತ್ತದಾ ನೋಡಿ

ಒಂದು ಕಡೆ ಕಂಡದ್ದು ಒಂದು ಘಟನೆ. ಎರಡು ಕಡೆ ಕಂಡರೆ ಒಬ್ಬರಿಂದ ಒಬ್ಬರು ತೆಗೆದುಕೊಂಡಿರಬಹುದು. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಮೂರು ಕಡೆ ಕಂಡರೆ ನಾವು ಅಚ್ಚು ಅಂತ ಬರೆಯುತ್ತೇವೆ.

ಎಣಿಸುವಾಗ ಹುಷಾರು. ಬಕಾಸುರನ ಕಥೆ ಕುಂತಿಬೆಟ್ಟದಲ್ಲೂ ಇದೆ, ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದಲ್ಲೂ ಇದೆ. ಅದು ಎರಡಲ್ಲ, ಒಂದೇ ಕಥೆ ಎರಡು ಊರಿನಲ್ಲಿ ನೆಲೆಸಿದೆ. ಒಂದೇ ಗೇಮಿನ ಮೂರು ಭಾಗಗಳೂ ಒಂದೇ ಲೆಕ್ಕ. ರೀಮೇಕ್ ಸಿನಿಮಾಗಳೂ ಅಷ್ಟೆ.

ಹಾಗಾದರೆ ಬೇರೆ ಎಲ್ಲಿ ಸಿಗುತ್ತದೆ? ಗ್ರೀಕರ ಪುರಾಣದಲ್ಲಿ ಅಥೆನ್ಸ್ ಊರಿನವರು ಕ್ರೀಟ್ ದ್ವೀಪದ ದೊರೆಗೆ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕಳಿಸಬೇಕು. ಗೂಳಿ ತಲೆಯ ಮಿನೊಟಾರ್‌ಗೆ ಅವರು ಆಹಾರ. ಥೀಸಿಯಸ್ ತಾನೇ ಆ ಗುಂಪಿನಲ್ಲಿ ಸೇರಿಕೊಂಡು ಹೋಗಿ ಮಿನೊಟಾರ್‌ನನ್ನು ಕೊಲ್ಲುತ್ತಾನೆ. ಎರಡಾಯಿತು. ಮೂರನೆಯದಕ್ಕೆ ನಮ್ಮ ಸಿನಿಮಾ ಸಾಕು. ಮಾರ್ಕೆಟ್ಟಿನ ರೌಡಿಗೆ ಪ್ರತಿ ಅಂಗಡಿಯವನೂ ವಾರಕ್ಕೊಮ್ಮೆ ಮಾಮೂಲು ಕಟ್ಟುತ್ತಾನೆ. ಊರಿಗೆ ಹೊಸದಾಗಿ ಬಂದ ಹೀರೋಗೆ ಊಟ ಹಾಕಿದ ಅಜ್ಜಿಯ ಅಂಗಡಿಯ ಸರದಿ ಬರುತ್ತದೆ. ಮುಂದಿನದು ನಿಮಗೆ ಗೊತ್ತು. ಗೇಮುಗಳಲ್ಲಂತೂ ಕಾಡಿನಂಚಿನ ಹಳ್ಳಿಗೆ ಕಾಲಿಟ್ಟ ಕೂಡಲೇ ಊರ ಹಿರಿಯನೊಬ್ಬ ಕೈಮುಗಿದು ಇದೇ ಕಥೆ ಹೇಳುತ್ತಾನೆ. ಹೆಸರು ‘ಮನೆಗೊಂದು ಸರದಿ’.

ಈ ಹುಡುಕಾಟ ನಮ್ಮ ಮನೆಯದೇನೂ ಅಲ್ಲ. ಫಿನ್‌ಲ್ಯಾಂಡಿನ ಆಂಟಿ ಆರ್ನೆ 1910ರಲ್ಲಿ ಜನಪದ ಕಥೆಗಳ ವರ್ಗಗಳಿಗೆ ನಂಬರ್ ಕೊಟ್ಟರು. ಅಮೆರಿಕದ ಸ್ಟಿತ್ ಥಾಮ್ಸನ್ ಅದನ್ನು 1928ರಲ್ಲಿ, ಮತ್ತೆ 1961ರಲ್ಲಿ ಬೆಳೆಸಿದರು. ಜರ್ಮನಿಯ ಹಾನ್ಸ್ ಯೋರ್ಗ್ ಉಥರ್ 2004ರಲ್ಲಿ ಇನ್ನೊಮ್ಮೆ ತಿದ್ದಿದರು. ಏಳು ಸಮುದ್ರದಾಚೆ ಪಂಜರದ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುವ ಕಥೆ ಕೇಳಿದ್ದೀರಲ್ಲ? ಆ ಬಗೆಯ ಕಥೆಗಳಿಗೆ ಅವರ ಪಟ್ಟಿಯಲ್ಲಿ 302ನೇ ನಂಬರ್. ರಷ್ಯಾದ ಕಥೆಯಲ್ಲಿ ಅದೇ ಪ್ರಾಣ ಮೊಟ್ಟೆಯೊಳಗಿನ ಸೂಜಿಯಲ್ಲಿ ಇರುತ್ತದೆ, ಮೊಟ್ಟೆ ಬಾತುಕೋಳಿಯೊಳಗೆ, ಬಾತುಕೋಳಿ ಮೊಲದೊಳಗೆ.

ನಮ್ಮ ಮೈಸೂರಿನವರನ್ನೂ ನೆನೆಯಬೇಕು. 1929ರಲ್ಲಿ ಇಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಮುಂದೆ ಷಿಕಾಗೋದಲ್ಲಿ ಪಾಠ ಮಾಡುತ್ತಿದ್ದರೂ ಕನ್ನಡದ ಅಜ್ಜಿಕಥೆಗಳನ್ನು ಕೈಬಿಡಲಿಲ್ಲ. ಹಂಚಿ ಅನ್ನುವ ಹುಡುಗಿಯ ಕಥೆಯನ್ನು ಅವರು ಕನ್ನಡದ ಸಿಂಡರೆಲ್ಲಾ ಎಂದು ಗುರುತಿಸಿದರು. ಅದರಲ್ಲಿ ಗಾಜಿನ ಚಪ್ಪಲಿ ಇಲ್ಲ. ಹುಡುಗಿಯ ಚೆಲುವನ್ನು ಮುಚ್ಚಲು ತಾಯಿ ಮಾಡಿಸಿಕೊಟ್ಟ ಮಣ್ಣಿನ ಮುಖವಾಡ ಇದೆ, ಅದರಿಂದಲೇ ಹಂಚಿ ಅಂತ ಹೆಸರು. ಚಪ್ಪಲಿ ಹುಡುಕುತ್ತಾ ಹೋಗಿದ್ದರೆ ಈ ಕಥೆ ಕೈಗೆ ಸಿಗುತ್ತಲೇ ಇರಲಿಲ್ಲ.

ಅದು ಮಾಡುವ ಕೆಲಸ ಏನು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ನನಗೆ ತುಂಬಾ ಇಷ್ಟದ ಹೆಜ್ಜೆಯೂ ಹೌದು. ನೋಡಲು ಒಂದೇ ಥರ ಇರುವುದು ಒಂದೇ ಅಚ್ಚು ಆಗಬೇಕಿಲ್ಲ. ಕಥೆಯಲ್ಲಿ ಅದು ಮಾಡುವ ಕೆಲಸ ನೋಡಬೇಕು. ರಷ್ಯಾದ ವ್ಲಾಡಿಮಿರ್ ಪ್ರಾಪ್ 1928ರಲ್ಲಿ ಹೇಳಿದ್ದು ಇದನ್ನೇ. ನೂರು ಮಾಯಾಕಥೆಗಳನ್ನು ಇಟ್ಟುಕೊಂಡು, ಪಾತ್ರಗಳ ಹೆಸರು ಬಿಟ್ಟು, ಪಾತ್ರ ಮಾಡುವ ಕೆಲಸವನ್ನು ಮಾತ್ರ ನೋಡಿದರು. 31 ಕೆಲಸ ಸಿಕ್ಕವು. ಮಾಯದ ವಸ್ತು ಕೊಡುವವಳು ಮುದುಕಿಯೇ ಆಗಲಿ, ಕರಡಿಯೇ ಆಗಲಿ, ಕೆಲಸ ಒಂದೇ.

ವೇಷ ಮರೆಸಿಕೊಳ್ಳುವುದನ್ನೇ ನೋಡಿ. ನಾವು ಮೊದಲು ‘ಮಾರುವೇಷ’ ಅಂತ ಒಂದೇ ಹೆಸರಿಟ್ಟಿದ್ದೆವು. ಆಮೇಲೆ ಜಗಳ ಶುರುವಾಯಿತು, ಯಾಕೆಂದರೆ ಅದರೊಳಗೆ ಮೂರು ಬೇರೆ ಬೇರೆ ಅಚ್ಚುಗಳಿದ್ದವು.

ಮಂಡ್ಯ, ಚಾಮರಾಜನಗರದ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಬಸವಣ್ಣನವರಿದ್ದ ಕಲ್ಯಾಣ ಪಟ್ಟಣಕ್ಕೆ ಬರುವಾಗ ಮೈ ನಾರುತ್ತಿರುತ್ತದೆ, ನೋಡಿದವರು ಹೇಸಿಕೊಳ್ಳಬೇಕು ಹಾಗಿರುತ್ತಾರೆ. ಬಾಗಿಲಲ್ಲೇ ತಡೆಯುತ್ತಾರೆ. ಈ ವೇಷದ ಕೆಲಸ ಎದುರಿಗಿರುವವರನ್ನು ಪರೀಕ್ಷೆ ಮಾಡುವುದು. ಇದು ‘ಬಾಗಿಲಿಗೆ ಬಂದ ಪರೀಕ್ಷೆ’. ಗೇಮಿನಲ್ಲಿ ದಾರಿ ಬದಿಯ ಭಿಕ್ಷುಕನಿಗೆ ಒಂದು ನಾಣ್ಯ ಕೊಟ್ಟರೆ ಕೊನೆಯಲ್ಲಿ ಅವನೇ ಕತ್ತಿ ತಂದುಕೊಡುತ್ತಾನಲ್ಲ, ಅದೇ.

ದೊರೆ ರಾತ್ರಿ ಕಂಬಳಿ ಹೊದ್ದು ಊರು ಸುತ್ತುವುದು ಬೇರೆ. ಅವನಿಗೆ ಸುದ್ದಿ ಬೇಕು. ಅದಕ್ಕೆ ‘ಕಂಬಳಿ ಹೊದ್ದ ದೊರೆ’ ಅಂತ ಇಟ್ಟಿದ್ದೇವೆ.

ಮೂರನೆಯದು ಅಜ್ಞಾತವಾಸ. ವಿರಾಟನ ಅಡುಗೆಮನೆಯಲ್ಲಿ ಭೀಮ ವಲಲ ಅನ್ನುವ ಹೆಸರಿಟ್ಟುಕೊಂಡು ಸೌಟು ಹಿಡಿದಿದ್ದಾನೆ. ಯಾರನ್ನೂ ಪರೀಕ್ಷಿಸಲು ಅಲ್ಲ, ಉಳಿದುಕೊಳ್ಳಲು. ಕೀಚಕ ದ್ರೌಪದಿಯ ಮೇಲೆ ಕಣ್ಣು ಹಾಕಿದಾಗ ಭೀಮ ಸುಮ್ಮನಿರಲು ಆಗುವುದಿಲ್ಲ. ಕೀಚಕ ಸತ್ತ ಸುದ್ದಿ ಹಸ್ತಿನಾವತಿಗೆ ಮುಟ್ಟಿದ ಮೇಲೆ ದುರ್ಯೋಧನನ ಕಣ್ಣು ವಿರಾಟನಗರದ ಕಡೆ ತಿರುಗುತ್ತದೆ. ಈಗ ನಮ್ಮ ಮಾಸ್ ಸಿನಿಮಾ ನೆನೆಸಿಕೊಳ್ಳಿ. ಯಾರದ್ದೋ ಮನೆಯಲ್ಲಿ ತಲೆ ತಗ್ಗಿಸಿ ಕೆಲಸ ಮಾಡುವ ಹೀರೋ. ಆ ಮನೆಯ ಹುಡುಗಿಗೆ ರೌಡಿ ಕಾಟ ಕೊಡುತ್ತಾನೆ. ಹೀರೋ ಕೈ ಎತ್ತುತ್ತಾನೆ. ಇಂಟರ್‌ವಲ್. ಆಮೇಲೆ ಫ್ಲ್ಯಾಶ್‌ಬ್ಯಾಕು, ಹಳೆಯ ಶತ್ರುಗಳಿಗೆ ಅವನ ಸುಳಿವು. ಸಾಲು ಸಾಲಾಗಿ ಪಕ್ಕದಲ್ಲಿಟ್ಟರೆ ಒಂದೂ ತಪ್ಪಿಲ್ಲ. ಕೀಚಕವಧೆಯೇ ಇಂಟರ್‌ವಲ್! ಇದನ್ನು ಮೊದಲ ಸಲ ಕಂಡ ದಿನ ನನಗೆ ಆದ ಖುಷಿ ಹೇಳತೀರದು. ಟಿಕೆಟ್ ತಗೊಂಡು ಶಿಳ್ಳೆ ಹೊಡೆಯುವ ಹುಡುಗರೂ, ಗಮಕ ಕೇಳಲು ಕೂತ ಹಿರಿಯರೂ ಒಂದೇ ಗಳಿಗೆಗೆ ಕಾಯುತ್ತಾರೆ.

ಇದಕ್ಕೆ ಹೊಸ ಹೆಸರು ಹುಡುಕಲಿಲ್ಲ. ‘ಅಜ್ಞಾತವಾಸ’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಹೆಸರಿಡುವಾಗ

ಹೆಸರು ಬಾಯಲ್ಲಿ ಸಲೀಸಾಗಿ ಬರಬೇಕು. ಎರಡು ಮೂರು ಪದ ಸಾಕು. ಸಂಸ್ಕೃತದ ಉದ್ದ ಸಮಾಸ ಮಾಡಿದರೆ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ, ಮಾತಿಗೆ ಬರುವುದಿಲ್ಲ.

ಮೊದಲು ಗಾದೆಗಳ ಹತ್ತಿರ ಹೋಗಿ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಹೊಡೆದಾಟ ಎಲ್ಲ ಮುಗಿದ ಮೇಲೆ ಜೀಪಿನಲ್ಲಿ ಬರುವ ಪೊಲೀಸರಿಗೆ ನಮ್ಮ ಮನೆಯಲ್ಲಿ ‘ದಿಡ್ಡಿ ಬಾಗಿಲು’ ಅನ್ನುತ್ತೇವೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆಯಿಂದ ತೆಗೆದದ್ದು. ಕಲಿತ ವಿದ್ಯೆಯಿಂದ ಗುರುವನ್ನೇ ಸೋಲಿಸುವುದು ‘ಗುರುವಿಗೆ ತಿರುಮಂತ್ರ’. ಕಾಯಬೇಕಾದವನೇ ಕಳ್ಳ ಅಂತ ಕೊನೆಗೆ ಬಯಲಾಗುವುದು ‘ಹೊಲ ಮೇಯ್ದ ಬೇಲಿ’.

ಒಂದು ಕಥೆಯ ವಸ್ತುವನ್ನು ಹೆಸರಾಗಿ ಇಡಬೇಡಿ. ರಾಕ್ಷಸನ ಪ್ರಾಣ ಬೇರೆಲ್ಲೋ ಇರುವ ಅಚ್ಚಿಗೆ ನಾವು ‘ಗಿಳಿ’ ಅಂತ ಬರೆದಿದ್ದೆವು. ಪಕ್ಕದ ಮನೆಯವರಿಗೆ ಹೇಳಿದಾಗ ಅವರಿಗೆ ನೆನಪಾದದ್ದು ಗಿಳಿಶಾಸ್ತ್ರ. ರಷ್ಯಾದ ಕಥೆಗೆ ಗಿಳಿ ಹೊಂದುವುದೂ ಇಲ್ಲ. ಅಡ್ಡಗೆರೆ ಎಳೆದು ‘ಬಚ್ಚಿಟ್ಟ ಪ್ರಾಣ’ ಅಂತ ಮಾಡಿದೆವು. ಈಗ ಗೇಮಿನಲ್ಲಿ ರಾಕ್ಷಸನನ್ನು ಹೊಡೆಯುವ ಮುಂಚೆ ನಾಲ್ಕು ಮೂಲೆಯ ಹರಳುಗಳನ್ನು ಒಡೆಯಬೇಕಾಗಿ ಬಂದಾಗಲೂ ಅದೇ ಹೆಸರು ಸರಿಹೋಗುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಆ ಕಥೆ ನೋಡಿಲ್ಲದ ಒಬ್ಬರಿಗೆ ಹೆಸರು ಹೇಳಿ, ಒಂದೇ ಸಾಲಿನಲ್ಲಿ ವಿವರಿಸಿ. ಅವರು ತಾವಾಗಿಯೇ ಇನ್ನೊಂದು ಉದಾಹರಣೆ ಕೊಟ್ಟರೆ ಹೆಸರು ಗೆದ್ದಿತು. ‘ವರದ ಸಂದು’ ಅಂದ ಕೂಡಲೇ ತರಕಾರಿಯವರು ಹಿರಣ್ಯಕಶಿಪು ಅಂದರು. ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ. ನಮಗೆ ಆ ಹೆಸರು ಹೊಳೆದದ್ದು ಚಾಮುಂಡಿ ಬೆಟ್ಟದಲ್ಲಿ, ಮಹಿಷಾಸುರನ ಪ್ರತಿಮೆ ಎದುರು. ಗಂಡಸರಿಂದ ಸಾವಿಲ್ಲ ಅಂತ ವರ ಪಡೆದವನು, ಹೆಂಗಸನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಸಂದು ಅಲ್ಲಿತ್ತು.

ಗೇಮಿಗೆ ಇನ್ನೊಂದು ಪ್ರಶ್ನೆ

ಗೇಮಿನಲ್ಲಿ ಎರಡು ಬಗೆಯ ಅಚ್ಚುಗಳಿವೆ. ಒಂದು ಕಥೆಯಲ್ಲಿ ಇರುವುದು, ಇನ್ನೊಂದು ಆಡುವ ಕೈಯಲ್ಲಿ ಇರುವುದು. ‘ಬಚ್ಚಿಟ್ಟ ಪ್ರಾಣ’ವನ್ನು ಪುಸ್ತಕದಲ್ಲೂ ಬರೆಯಬಹುದು. ‘ಹರಕೆ ಕುರಿಯ ಊಟ’ ಮಾತ್ರ ಗೇಮಿನಲ್ಲೇ ಕೆಲಸ ಮಾಡುವುದು. ಆಡುವವನಿಗೆ ಸಾಮಾನು ಕೊಡಬೇಕು, ಹುಷಾರು ಅಂತಲೂ ಹೇಳಬೇಕು. ಒಂದೇ ಕೋಣೆ ಎರಡೂ ಮಾಡುತ್ತದೆ. ಅದಕ್ಕೇ ಗೇಮ್ ನೋಡುವಾಗ, ಇದು ಆಡುವವನಿಂದ ಏನು ಮಾಡಿಸುತ್ತಿದೆ ಅಂತಲೂ ಕೇಳಿ.

1985ರ ಸೂಪರ್ ಮಾರಿಯೊ ಬ್ರದರ್ಸ್ ಆಡಿದವರಿಗೆ ನೆನಪಿರುತ್ತದೆ. ಎಂಟು ಲೋಕ, ಲೋಕಕ್ಕೊಂದು ಕೋಟೆ. ಬೆವರು ಸುರಿಸಿ ಮೊದಲ ಕೋಟೆ ಗೆದ್ದರೆ, ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ ಅನ್ನುತ್ತಾರೆ. ಏಳು ಸಲ ಹೀಗೇ. ನಾವು ಇದಕ್ಕೆ ‘ನಾಳೆ ಬಾ’ ಅಂತ ಇಟ್ಟೆವು. ದೆವ್ವ ಬಾಗಿಲು ಬಡಿಯದಿರಲಿ ಅಂತ ಹಿಂದೆ ಮನೆಗಳ ಗೋಡೆ ಮೇಲೆ ಬರೆಯುತ್ತಿದ್ದರಲ್ಲ, ಅದೇ. ದಿನಾ ಬರುತ್ತದೆ, ಓದುತ್ತದೆ, ವಾಪಸ್ ಹೋಗುತ್ತದೆ. ಧಾರಾವಾಹಿಯಲ್ಲಿ ಗುಟ್ಟು ಹೇಳಲು ಬಾಯಿ ತೆಗೆದ ಕೂಡಲೇ ಫೋನ್ ರಿಂಗಾಗುವುದಕ್ಕೂ ಇದೇ ಹೆಸರು.

ತಿರುಗಿಸಿ ಹಾಕಿದ್ದನ್ನು ಬೇರೆ ಪುಟದಲ್ಲಿ ಬರೆಯಿರಿ

ನೋಟ್‌ಬುಕ್ ತುಂಬುತ್ತಾ ಬಂದಂತೆ, ಅಚ್ಚನ್ನು ಮುರಿದವರು ಕಾಣಲು ಶುರುವಾಗುತ್ತಾರೆ. ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮನನ್ನು ನೋಡಿ. ಗಂಡ ಕಾಡಿಗೆ ಹೊರಡುವ ಮುಂಚೆ, ತಾನಿಲ್ಲದಾಗ ನೇರ ನಡೆಯುತ್ತೇನೆ ಅಂತ ಭಾಷೆ ಕೊಡು ಅನ್ನುತ್ತಾನೆ. ಹೆಂಡತಿ ಶೀಲ ಸಾಬೀತು ಮಾಡಬೇಕಾಗಿ ಬರುವ ಕಥೆಗಳು ನಮ್ಮಲ್ಲಿ ಎಷ್ಟೋ ಇವೆ. ಅವಳು ಪರೀಕ್ಷೆಗೆ ನಿಲ್ಲುತ್ತಾಳೆ, ಗೆಲ್ಲುತ್ತಾಳೆ. ಸಂಕಮ್ಮ ಭಾಷೆಯನ್ನೇ ಕೊಡುವುದಿಲ್ಲ. ಎಷ್ಟು ಹಿಂಸೆ ಪಟ್ಟರೂ ಕೊಡುವುದಿಲ್ಲ. ಮಾದೇವ ಒಲಿಯುವುದು ಅವಳಿಗೇ. ಅಚ್ಚು ಗೊತ್ತಿದ್ದವರಿಗೆ ಮಾತ್ರ ಅವಳು ಎಷ್ಟು ದೊಡ್ಡ ಹೆಜ್ಜೆ ಇಟ್ಟಳು ಅನ್ನುವುದು ಕಾಣುತ್ತದೆ. ಕಂಸಾಳೆಯವರ ಬಾಯಲ್ಲಿ ಆ ಸಾಲು ಕೇಳುವಾಗ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಈಗ ನಿಮ್ಮ ಸರದಿ

ಅಭ್ಯಾಸಕ್ಕೆ ತಲಕಾಡಿನ ಕಥೆ ತೆಗೆದುಕೊಳ್ಳಿ. ರಾಜ ಒಡೆಯರ್ 1610ರಲ್ಲಿ ಶ್ರೀರಂಗಪಟ್ಟಣ ಪಡೆದ ಮೇಲಿನದು ಅಂತ ಜನ ಹೇಳುವ ಕಥೆ. ಒಡವೆಗಾಗಿ ರಾಜನ ಆಳುಗಳು, ಅಲ್ಲಿ ಮೊದಲು ಆಳುತ್ತಿದ್ದವನ ಹೆಂಡತಿ ಅಲಮೇಲಮ್ಮನ ಹಿಂದೆ ಬೀಳುತ್ತಾರೆ. ಅವಳು ಮಾಲಂಗಿಯಲ್ಲಿ ಕಾವೇರಿಗೆ ಹಾರುವ ಮುಂಚೆ ಶಪಿಸುತ್ತಾಳೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ.

ಹೆಸರು ತೆಗೆಯಿರಿ. ಊರು ತೆಗೆಯಿರಿ. ಯಾವ ಸಾಲು ಅಳಿಸಿದರೆ ಕಥೆ ಬೀಳುತ್ತದೆ? ಸಾಯುವುದಾ, ಮೂರು ಸಲ ಹೇಳುವುದಾ, ಶಕ್ತಿ ಇಲ್ಲದವಳ ಮಾತು ಶಕ್ತಿ ಇರುವವನನ್ನು ಕಟ್ಟಿಹಾಕುವುದಾ? ಅಕ್ಕನ ಮಗಳು ‘ಕೊನೆಯ ಶಾಪ’ ಅಂತ ಬರೆದಳು. ಅಮ್ಮ ಒಪ್ಪಲಿಲ್ಲ. "ಶಾಪ ಅಂದ್ರೆ ಅವಳೇ ಕೆಟ್ಟವಳು ಅನ್ನೋ ಹಂಗಾಯ್ತದೆ. ಅವಳಿಗೆ ಅನ್ಯಾಯ ಆಗಿತ್ತಲ್ಲ, ಅದೆಲ್ಲಿ ಬಂತು ನಿನ್ನ ಹೆಸರಲ್ಲಿ?" ಅಂದರು. ಅವಳು ಅಳಿಸಿದಳು. ಆ ಪುಟದಲ್ಲಿ ಮೂರು ಉದಾಹರಣೆ ಇವೆ, ಅಳಿಸಿದ ಗುರುತು ಇದೆ. ಹೆಸರಿನ ಜಾಗ ಇನ್ನೂ ಖಾಲಿ ಇದೆ.